ಹನ್ನೆರಡು ಮೆಟ್ಟಿಲು

1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲವೂ ಹನೂರೂ ಮದರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದವು. ಪಕ್ಕದ ಯಳಂದೂರು ಮೈಸೂರಿನದಾಗಿತ್ತು. ಇಂದು ಮೂರೂ ಚಾಮರಾಜನಗರ ಜಿಲ್ಲೆಯ ಊರುಗಳು. ದಫ್ತರದ ಹೆಸರು ಬದಲಾಯಿತೇ ಹೊರತು ಬೆಟ್ಟವಾಗಲಿ ಹೊಳೆಯಾಗಲಿ ಅಂಗುಲದಷ್ಟೂ ಕದಲಲಿಲ್ಲ. ಸ್ವರಲೋಕದಲ್ಲಿಯೂ ಇಂಥದೊಂದು ಗಡಿತಂಟೆಯುಂಟು.

1983ರಲ್ಲಿ ವಿದ್ಯುತ್ ವಾದ್ಯಗಳಿಗಾಗಿ ಹುಟ್ಟಿದ 'ಮಿಡಿ' ಎಂಬ ಸಂಕೇತಭಾಷೆಯಲ್ಲಿ ನಾದವಿಲ್ಲ. ಯಾವ ಮನೆಯನ್ನು ಎಷ್ಟು ಬಲವಾಗಿ ಒತ್ತಬೇಕೆಂಬ ಅಂಕಿಗಳಷ್ಟೇ ಇವೆ. ಸೊನ್ನೆಯಿಂದ 127ರವರೆಗೆ ಮನೆಗಳು. ಹನ್ನೆರಡು ಮೆಟ್ಟಿಲೇರಿದರೆ ಸ್ಥಾಯಿ ಬದಲಾಗುತ್ತದೆ, ಸ್ವರ ಬದಲಾಗದು: 69ನೆಯ ಮನೆ ಸೆಕೆಂಡಿಗೆ 440 ಸಲ ಕಂಪಿಸಿದರೆ 81ನೆಯದು 880 ಸಲ. ಆದರೆ 60ನೆಯ ಮನೆಯನ್ನು ಒಂದು ಕಂಪನಿ ಮೂರನೆಯ ಸ್ಥಾಯಿಯ 'ಸಿ' ಎಂದರೆ ಇನ್ನೊಂದು ನಾಲ್ಕನೆಯದೆನ್ನುತ್ತದೆ. ಅಂಕಿಯನ್ನು ಬಿಟ್ಟು ಹೆಸರನ್ನು ನಂಬಿದವನ ಹಾಡು ಒಂದು ಸ್ಥಾಯಿ ಮೇಲಕ್ಕೋ ಕೆಳಕ್ಕೋ ಜಾರುತ್ತದೆ.

ಹನೂರಿನ ವಾದ್ಯಗೋಷ್ಠಿಯೊಂದರ ತರುಣನಿಗೆ ಈ ಲೆಕ್ಕವೆಲ್ಲ ಕರತಲಾಮಲಕ. ಆದರೂ ಅವನ ವಿದ್ಯೆ ಪರೀಕ್ಷೆಗೊಳಗಾದುದು ಕೊಳ್ಳೇಗಾಲದ ಮನೆಯೊಂದರಲ್ಲಿ. ಮಲೆ ಮಹದೇಶ್ವರನ ಕಥೆ ಹಾಡುವ, ಯಳಂದೂರು ಕಡೆಯ ವೃದ್ಧ ದೇವರಗುಡ್ಡರೊಬ್ಬರ ಕಂಠವನ್ನು ಮುದ್ರಿಸಿಕೊಳ್ಳಬೇಕಾಗಿತ್ತು. ಹಿಮ್ಮೇಳವನ್ನು ಅವನು ಮೊದಲೇ ಸೀಕ್ವೆನ್ಸರಿನಲ್ಲಿ ತುಂಬಿ ತಂದಿದ್ದ. ಆ ಶ್ರುತಿಗೆ ಮುದುಕರ ದನಿ ಏರಲಿಲ್ಲ. ಕಥೆ ಕೆಮ್ಮಿನಲ್ಲಿ ನಿಂತಿತು.

"ತಾತ, ವಸಿ ಮ್ಯಾಕೆ ಹೇಳಿ" ಎಂದ.

"ನನ್ ಗಂಟ್ಲು ಏರಕಿಲ್ಲ ಕನ್ ಮಗ. ನಿನ್ ಪೆಟ್ಗೆನೇ ವಸಿ ಇಳೀಲಿ."

ತರುಣ ಒಂದು ಗುಂಡಿಯೊತ್ತಿ ಎಲ್ಲವನ್ನೂ ಹನ್ನೆರಡು ಮೆಟ್ಟಿಲು ಇಳಿಸಿದ. ಷಡ್ಜ ಷಡ್ಜವಾಗಿಯೇ ಉಳಿಯಿತು. ಮುದುಕರು ಏರಬೇಕಾದ ದೂರವೂ ಹಾಗೆಯೇ ಉಳಿಯಿತು. ತಂತಿಯ ನಾದ ಹಂಡೆಯೊಳಗಿನ ಗೊಣಗಾಟವಾಯಿತು. ಸಾಲದೆಂಬಂತೆ, ಕಂಸಾಳೆಯ ಝಲ್ಲೆನ್ನುವ ಸ್ಥಳದಲ್ಲಿ ಕೋಲಿನ ಟಕಟಕ ಕೇಳಿಸಿತು. ತಾಳವಾದ್ಯಗಳ ಸಾಲಿನಲ್ಲಿ ಅಂಕಿಯೇ ವಾದ್ಯದ ಹೆಸರು: 1991ರ ಒಪ್ಪಂದದ ಪಟ್ಟಿಯಂತೆ 49 ಕಂಚಿನ ತಾಳವಾದರೆ, ಹನ್ನೆರಡು ಕಳೆದ 37 ಡೋಲಿನ ಅಂಚಿಗೆ ಕೋಲು ತಾಗುವ ಸದ್ದು. ಸ್ವರವನ್ನು ಇಳಿಸಬಹುದು, ತಾಳವನ್ನು ಇಳಿಸಿದರೆ ಅದು ಬೇರೆಯೇ ವಾದ್ಯವಾಗುತ್ತದೆ.

ಮುದುಕರು ನಕ್ಕರು, ಎಡಗೈಯಲ್ಲಿ ಬಟ್ಟಲನ್ನೂ ಬಲಗೈಯಲ್ಲಿ ತಾಳವನ್ನೂ ಹಿಡಿದು, ತಮಗೆ ಒಗ್ಗುವ ದನಿಯಲ್ಲಿ ಒಂದು ಸೊಲ್ಲನ್ನೆತ್ತಿದರು. ತರುಣ ಕಿವಿಗೊಟ್ಟು ಆ ಷಡ್ಜವನ್ನು ಕೀಬೋರ್ಡಿನಲ್ಲಿ ಹುಡುಕಿದ. ಬೇಕಾಗಿದ್ದುದು ಹನ್ನೆರಡಲ್ಲ, ಮೂರೇ ಮೆಟ್ಟಿಲಿನ ಇಳಿತ. ಸ್ವರದ ಸಾಲುಗಳನ್ನು ಮಾತ್ರ ಇಳಿಸಿ, ಯಂತ್ರದ ತಾಳವನ್ನು ಪೂರ್ತಿ ಮೌನವಾಗಿಸಿದ. ಆ ಸಂಜೆ ಕಥೆ ನಡುವೆ ಎಲ್ಲಿಯೂ ನಿಲ್ಲಲಿಲ್ಲ.

ಈಗ ತರುಣನ ಟಿಪ್ಪಣಿ ಪುಸ್ತಕದಲ್ಲಿ ಪ್ರತಿ ಹಾಡಿನ ಮುಂದೆ ಮೊದಲು ಬರೆದಿರುವುದು ಹಾಡುವವರ ಷಡ್ಜ; ಯಂತ್ರದ ಅಂಕಿಗಳು ಅದರ ಕೆಳಗೆ.