ಮನೆಗೊಂದು ಎರಡನೆಯ ಕೋಣೆ

ಸಂಜೆಯ ಏಳು ಗಂಟೆ. ಹಾನಗಲ್ ಕಡೆಯ ಹಳ್ಳಿಯೊಂದರ ಅಂಚು. ಹಳೆಯ ಊರು ಮುಗಿದು ಹೊಲಗಳು ತೊಡಗುವಲ್ಲಿ ಒಂದೇ ಅಚ್ಚಿನಲ್ಲಿ ಹೊಯ್ದಂಥ ಮನೆಗಳ ಎರಡು ಸಾಲುಗಳು ನಿಂತಿವೆ. ಊರವರು ಇದನ್ನು ‘ಪ್ಲಾಟು’ ಎನ್ನುತ್ತಾರೆ. ಸರಕಾರಿ ಕಾಗದದಲ್ಲಿ ಇದು ಆಶ್ರಯ ಬಡಾವಣೆ. ಅಲ್ಲಿನ ಒಂದು ಮನೆಯೊಳಗೆ ರೊಟ್ಟಿ ಬಡಿಯುವ ಸದ್ದು, ಟಿ.ವಿ.ಯ ಸದ್ದು, ಮುದುಕರೊಬ್ಬರ ಕೆಮ್ಮು. ಬಿ.ಎ. ಎರಡನೆಯ ವರ್ಷದ ಹುಡುಗಿಯೊಬ್ಬಳು ಹೊಸ್ತಿಲ ಮೇಲೆ ಕುಳಿತು, ಮೊಬೈಲನ್ನು ಮುಖದ ಹತ್ತಿರ ಹಿಡಿದು, ವಿದ್ಯಾರ್ಥಿವೇತನದ ಅರ್ಜಿಯನ್ನು ತುಂಬುತ್ತಿದ್ದಾಳೆ. ಅವಳ ಹೆಸರು ಇಲ್ಲಿ ಬೇಡ. ಹೆಸರೊಂದನ್ನು ಬದಲಾಯಿಸಿದರೆ ಶಿಗ್ಗಾಂವಿಯ ತಾಂಡಾದಲ್ಲಿಯೂ, ಸವಣೂರಿನ ಓಣಿಯಲ್ಲಿಯೂ, ಹಿರೇಕೆರೂರಿನ ಹಳ್ಳಿಯಲ್ಲಿಯೂ ಅವಳೇ ಕುಳಿತಿದ್ದಾಳೆ.

“ಎಷ್ಟೊತ್ತ ಕುಂಡರತಿ ಅಲ್ಲೆ? ದೀಪಾ ಹಚ್ಚೂ ಹೊತ್ತಿನ್ಯಾಗ ಹೊಸ್ತಿಲದ ಮ್ಯಾಲ ಕುಂಡರಬಾರದವ್ವಾ,” ಎಂದು ಒಳಗಿನಿಂದ ತಾಯಿಯ ದನಿ.

“ಒಳಗ ಜಾಗಾ ಎಲ್ಲೈತಿ ಯವ್ವಾ? ನಾಡದ ಕಡೀ ದಿನಾ.”

ತಾಯಿ ಉತ್ತರ ಕೊಡುವುದಿಲ್ಲ. ಕೊಡಲು ಉತ್ತರವಿದ್ದರೆ ತಾನೆ?

ಮನೆ ಇಲ್ಲದವರಿಗೆ ಮನೆ ಕೊಡುವುದು ಸಣ್ಣ ಕೆಲಸವಲ್ಲ. ಕರ್ನಾಟಕದಲ್ಲಿ 1970ರ ದಶಕದಲ್ಲಿ ದೇವರಾಜ ಅರಸರ ಕಾಲದ ಜನತಾ ಮನೆಗಳು ಬಂದವು. 1991–92ರಲ್ಲಿ ಆಶ್ರಯ ಯೋಜನೆ ಬಂದಿತು. ಆಮೇಲೆ ಬಸವ ವಸತಿ, ಅದರ ಮೇಲೆ ಕೇಂದ್ರದ ಯೋಜನೆಗಳು. ಇಂಗ್ಲೆಂಡಿನಲ್ಲಿ ಪುರಸಭೆಯ ಮನೆಗಳಲ್ಲಿ ಬಡವರು ಬಾಡಿಗೆಗೆ ಇರುತ್ತಾರೆ. ಇಲ್ಲಿಯ ಪದ್ಧತಿ ಬೇರೆ: ಮನೆಯನ್ನೇ ಕೊಟ್ಟುಬಿಡುತ್ತಾರೆ, ಅದೂ ಬಹುತೇಕ ಮನೆಯೊಡತಿಯ ಹೆಸರಿನಲ್ಲಿ. ಹೊಸ್ತಿಲ ಮೇಲಿನ ಹುಡುಗಿಯ ತಾಯಿಗೂ ಹಕ್ಕುಪತ್ರ ಉಂಟು. ಅದನ್ನು ಆಕೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಟ್ರಂಕಿನ ತಳದಲ್ಲಿ, ಒಂದೇ ಒಂದು ರೇಷ್ಮೆ ಸೀರೆಯ ಕೆಳಗೆ ಇಟ್ಟಿದ್ದಾಳೆ.

ಆದರೆ ಕೊಟ್ಟದ್ದು ಎಷ್ಟು? 2016ರಲ್ಲಿ ತೊಡಗಿದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ನಿಯಮದಂತೆ ಮನೆಯ ಕನಿಷ್ಠ ವಿಸ್ತಾರ 25 ಚದರ ಮೀಟರು. ಅಡುಗೆಯ ಜಾಗವೂ ಅದರೊಳಗೇ ಸೇರಬೇಕು. ಅದಕ್ಕೆ ಹಿಂದಿನ ಇಂದಿರಾ ಆವಾಸ್ ಮನೆಗಳಿಗೆ ಇದು 20 ಚದರ ಮೀಟರು ಇದ್ದಿತು. 25 ಚದರ ಮೀಟರೆಂದರೆ ಸುಮಾರು 270 ಚದರ ಅಡಿ. ಪಟ್ಟಣದಲ್ಲಿ ಎರಡು ಕಾರುಗಳನ್ನು ಮಗ್ಗುಲಿಗೆ ಮಗ್ಗುಲು ನಿಲ್ಲಿಸಲು ಬೇಕಾಗುವಷ್ಟು. ಈ ಜಾಗದಲ್ಲಿ ಉಣ್ಣಬಹುದು, ಮಲಗಬಹುದು, ಮಳೆಯಿಂದ ತಪ್ಪಿಸಿಕೊಳ್ಳಬಹುದು. ಒಬ್ಬರು ಕುಳಿತು, ಉಳಿದವರ ಮಾತು ಕಿವಿಗೆ ಬೀಳದಂತೆ, ಎರಡು ಗಂಟೆ ಕೆಲಸ ಮಾಡುವುದು ಮಾತ್ರ ಸಾಧ್ಯವಿಲ್ಲ.

ಹಳೆಯ ಕಾಲದ ಬಡವರ ಮನೆಗಳು ದೊಡ್ಡವಾಗಿದ್ದುವೆಂದಲ್ಲ. ಆದರೆ ಹಳೆಯ ಊರಿನ ನಡುವೆ ಇದ್ದುದರಿಂದ ಆ ಮನೆಗಳಿಗೆ ಎರವಿನ ಕೋಣೆಗಳು ಹಲವಿದ್ದವು. ಗುಡಿಯ ಪೌಳಿ ಇತ್ತು, ಹೊರಕಟ್ಟೆ ಇತ್ತು, ಉಳ್ಳವರೊಬ್ಬರ ಪಡಸಾಲೆಯಲ್ಲಿ ಹುಡುಗರು ಲಾಟೀನಿನ ಸುತ್ತ ಕುಳಿತು ಮಗ್ಗಿ ಒಪ್ಪಿಸುತ್ತಿದ್ದರು. (ಎಲ್ಲ ಹುಡುಗರೂ ಅಲ್ಲ, ಯಾರ ಮಕ್ಕಳಿಗೆ ಆ ಪಡಸಾಲೆಯ ಮೆಟ್ಟಿಲು ಹತ್ತುವ ಅವಕಾಶ ಇರಲಿಲ್ಲವೆಂಬುದು ಹಿರಿಯರಿಗೆ ಗೊತ್ತಿದೆ.) ಊರ ಹೊರಗೆ, ನಕ್ಷೆಯ ಮೇಲೆ ಗೆರೆ ಎಳೆದು ಬಡಾವಣೆ ಮಾಡಿದಾಗ ಮನೆ ಬಂದಿತು, ಕಂಬ ಬಂದಿತು, ನಳ ಬಂದಿತು, ಕಟ್ಟೆ ಬರಲಿಲ್ಲ.

ಈ ತಕರಾರು ಹೊಸದಲ್ಲ. ಮೊದಲನೆಯ ಮಹಾಯುದ್ಧ ಮುಗಿದ 1918ರಲ್ಲಿಯೇ, ಕಾರ್ಮಿಕರಿಗೆ ಎಂಥ ಮನೆ ಕಟ್ಟಿಸಬೇಕೆಂದು ಇಂಗ್ಲೆಂಡಿನಲ್ಲಿ ಟ್ಯೂಡರ್ ವಾಲ್ಟರ್ಸ್ ಸಮಿತಿ ವರದಿ ಕೊಟ್ಟಿತು. ಅಡುಗೆ ಮಾಡಿ ಉಣ್ಣುವ ಕೋಣೆಯಲ್ಲದೆ ಬೇರೊಂದು ಕೂಡುವ ಕೋಣೆಯೂ ಸಾಧ್ಯವಿದ್ದಲ್ಲೆಲ್ಲ ಇರಲಿ ಎಂಬುದು ಅದರ ಸಲಹೆಗಳಲ್ಲೊಂದು. ಬಡವರಿಗೆ ಇನ್ನೊಂದು ಕೋಣೆ ಯಾಕೆಂದು ಕೇಳುವವರು ಆಗಲೂ ಇದ್ದರು. ಇನ್ನೊಂದು ಕೋಣೆಯೆಂದರೆ ಇನ್ನಷ್ಟು ಇಟ್ಟಿಗೆ, ಇನ್ನಷ್ಟು ಹಣ.

ಹಾವೇರಿ ಸೀಮೆಯಲ್ಲಿ ಈ ಕೊರತೆ ಎಲ್ಲರ ಕಣ್ಣಿಗೂ ಬಿದ್ದುದು 2020ರಲ್ಲಿ. ಶಾಲೆಗಳಿಗೆ ಬೀಗ ಬಿದ್ದವು. ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಮಲಗುವ ಕೋಣೆಗಳು ಕಚೇರಿಗಳಾದವು. ಬಾಗಿಲು ಹಾಕಿಕೊಂಡು ಅಪ್ಪ ಒಂದು ಕಡೆ, ಮಗ ಒಂದು ಕಡೆ ಪರದೆಯ ಮುಂದೆ ಕುಳಿತರು. ಹಾಕಿಕೊಳ್ಳಲು ಎರಡನೆಯ ಬಾಗಿಲೇ ಇಲ್ಲದ ಮನೆಗಳ ಮಕ್ಕಳಿಗಾಗಿ ಅದೇ ಆಗಸ್ಟಿನಲ್ಲಿ ‘ವಿದ್ಯಾಗಮ’ ಎಂಬ ಏರ್ಪಾಡು ಬಂದಿತು. ಮಾಸ್ತರರೇ ಹಳ್ಳಿಗೆ ಹೋಗಿ, ಗುಡಿಯ ಅಂಗಳದಲ್ಲಿ, ಮರದ ನೆರಳಿನಲ್ಲಿ, ಸಮುದಾಯ ಭವನದ ಜಗುಲಿಯಲ್ಲಿ ಮಕ್ಕಳನ್ನು ಕೂಡಿಸಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆದರೂ, ಮೊಬೈಲು ಕೈಗೆ ಬಂದ ಮಾತ್ರಕ್ಕೆ ಕೂಡುವ ಜಾಗ ಬಂದಂತಾಗದೆಂಬುದನ್ನು ಆ ಎರಡು ಮೂರು ತಿಂಗಳು ತೋರಿಸಿಕೊಟ್ಟವು.

ಶಾಲೆಗಳು ತೆರೆದವು. ಕೆಲಸಗಳು ಮಾತ್ರ ಪರದೆಯಿಂದ ಇಳಿದುಬರಲಿಲ್ಲ. ವಿದ್ಯಾರ್ಥಿವೇತನ, ಪರೀಕ್ಷೆಯ ಶುಲ್ಕ, ಪಹಣಿ, ನೌಕರಿಯ ಅರ್ಜಿ, ಗೃಹಲಕ್ಷ್ಮಿಯ ತಕರಾರು, ಎಲ್ಲವೂ ಅಲ್ಲಿಯೇ. ಬೆಂಗಳೂರಿನಲ್ಲಿ ಮೇಜೊಂದನ್ನು ತಿಂಗಳ ಬಾಡಿಗೆಗೆ ಕೊಡುವ ಕಟ್ಟಡಗಳೇ ಎದ್ದಿವೆ. ಕುರ್ಚಿ, ತಂಪು ಗಾಳಿ, ಕಾಫಿ ಎಲ್ಲ ಅದರೊಳಗೆ. ಹಾನಗಲ್ಲಿನ ಹುಡುಗಿಗೆ ಇರುವುದು ತಾಲ್ಲೂಕಿನ ಪೇಟೆಯ ಝೆರಾಕ್ಸ್ ಅಂಗಡಿ. 2023ರ ಜೂನಿನಿಂದ ಹೆಣ್ಣುಮಕ್ಕಳಿಗೆ ಬಸ್ಸಿನ ಟಿಕೆಟಿನ ಖರ್ಚಿಲ್ಲ, ನಿಜ. ಆದರೆ ತಾಯಿಯ ಒಂದು ದಿನದ ಕೂಲಿಯನ್ನು ಕಂಡಕ್ಟರರು ತುಂಬಿಕೊಡಲಾರರು. ಅಂಗಡಿಯಾತ ಗಡಿಬಿಡಿಯವನು, ಹಿಂದೆ ಸಾಲು ಇರುತ್ತದೆ, ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೆ ಅದು ಗೊತ್ತಾಗುವುದು ಆರು ತಿಂಗಳ ಮೇಲೆ, ಹಣ ಬಾರದಿದ್ದಾಗ. ಅರ್ಜಿ ತುಂಬುವ ಕೂಲಿ ಕೊಟ್ಟು ಬರುವುದಕ್ಕೂ, ತನ್ನ ಅರ್ಜಿಯನ್ನು ತಾನೇ ಓದಿ, ತಿದ್ದಿ, ಒತ್ತುವುದಕ್ಕೂ ಬಹಳ ಅಂತರ.

ಈ ನಾಲ್ಕು ತಾಲ್ಲೂಕುಗಳು 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರೆಯಾಗಿ ಹೊಸ ಹಾವೇರಿ ಜಿಲ್ಲೆಗೆ ಸೇರಿದವು. ಅಕ್ಷರಕ್ಕೆ ಹೊಸ ಸೀಮೆಯೇನಲ್ಲ ಇದು. ಕನಕದಾಸರ ಬಾಡ, ಶರೀಫರ ಶಿಶುವಿನಹಾಳ ಎರಡೂ ಶಿಗ್ಗಾಂವಿ ತಾಲ್ಲೂಕಿನವು. ಅದೇ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯ ತೊಡಗಿತು. ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಹುಟ್ಟಿದ್ದು ಸವಣೂರಿನಲ್ಲಿ. ವೇದಿಕೆಯ ಭಾಷಣಗಳಲ್ಲಿ ಈ ಹೆಸರುಗಳು ತಪ್ಪದೆ ಬರುತ್ತವೆ. ಆದರೆ ಶರೀಫರಿಗೆ ಓ.ಟಿ.ಪಿ. ಬೇಕಾಗಿರಲಿಲ್ಲ.

ಇನ್ನು ಆ ಎರಡನೆಯ ಕೋಣೆಯ ವಿಚಾರ. ಅದು ಎಲ್ಲಿಂದ ಬರಬೇಕು? ಹುಡುಕುತ್ತ ಹೋದರೆ ಅದರ ಗುರುತು ಸಿಕ್ಕುವುದು ಒಂದು ಕಂದಾಯದ ರಸೀದಿಯಲ್ಲಿ. ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ 1965ರದು. ಅದರ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಗ್ರಂಥಾಲಯ ಕರವೆಂದು ರೂಪಾಯಿಗೆ 6 ಪೈಸೆ ಸೇರಿಸಿ ವಸೂಲು ಮಾಡುತ್ತಾರೆ. ಮಹಡಿಯ ಮನೆಗೂ ಅದೇ ದರ, ಆಶ್ರಯದ ಮನೆಗೂ ಅದೇ ದರ. 100 ರೂಪಾಯಿ ಮನೆಕಂದಾಯ ಕಟ್ಟುವ ಹೆಂಗಸು ಅದರ ಜೊತೆಗೆ 6 ರೂಪಾಯಿಯನ್ನು ಗ್ರಂಥಾಲಯಕ್ಕೆಂದೇ ಕೊಟ್ಟಿರುತ್ತಾಳೆ. ಹಾಗಾದರೆ ಆ ಕೋಣೆ ಯಾರದೋ ಧರ್ಮದ ಕೋಣೆಯಲ್ಲ. ಅವಳು ವರ್ಷ ವರ್ಷ ಕಂತು ಕಟ್ಟುತ್ತ ಬಂದಿರುವ ಕೋಣೆ.

ಬಹುಕಾಲ ಆ ಕೋಣೆಯ ಸ್ಥಿತಿ ಹೇಳುವಂಥದಾಗಿರಲಿಲ್ಲ. ಒಂದು ಕಪಾಟು, ಧೂಳು, ನಾಲ್ಕು ಕುರ್ಚಿ, ನಿನ್ನೆಯ ಪತ್ರಿಕೆ. 2019ರಲ್ಲಿ ಗ್ರಾಮ ಪಂಚಾಯತಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದ ಮೇಲೆ ಕಳೆ ಬದಲಾಯಿತು. 2020ರಲ್ಲಿ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ತೊಡಗಿ ಮಕ್ಕಳಿಗೆಲ್ಲ ಉಚಿತ ಸದಸ್ಯತ್ವ ಸಿಕ್ಕಿತು; ಶಾಲೆ ಮುಚ್ಚಿದ್ದ ದಿನಗಳಲ್ಲಿ ಅದರ ಬೆಲೆ ತಿಳಿದವರಿಗೇ ಗೊತ್ತು. ಗೋಡೆಗಳಿಗೆ ಬಣ್ಣ ಬಂದಿತು, ‘ಅರಿವು ಕೇಂದ್ರ’ವೆಂಬ ಹೆಸರು ಬಂದಿತು. ಅನೇಕ ಕಡೆ ಕಂಪ್ಯೂಟರು, ದೊಡ್ಡ ಟಿ.ವಿ., ಅಂತರಜಾಲದ ಸಂಪರ್ಕ ಬಂದವು. ಡೆಲ್ ಕಂಪನಿ ಮತ್ತು ಶಿಕ್ಷಣ ಫೌಂಡೇಶನ್ ಸೇರಿ ಹಲವು ಗ್ರಂಥಾಲಯಗಳಿಗೆ ಸಾಧನಗಳನ್ನೂ ತರಬೇತಿಯನ್ನೂ ಒದಗಿಸಿದವು. ನೋಡಿದವರು ಸಂತೋಷಪಡುವಂಥ ಕೆಲಸವೇ ಸರಿ.

ಆದರೆ ಕಂಪ್ಯೂಟರು ಬಂದ ಮೇಲೆ ನಿಜವಾದ ಪ್ರಶ್ನೆಗಳು ತೊಡಗುತ್ತವೆ. ಬೀಗದ ಕೈ ಯಾರ ಬಳಿ? ಬಾಗಿಲು ಎಷ್ಟು ಗಂಟೆಗೆ ಹಾಕುತ್ತದೆ? ಕೂಲಿಗೆ ಹೋದವರು ಮನೆಗೆ ಬರುವುದು ಆರರ ಮೇಲೆ. ಆ ಹೊತ್ತಿಗೆ ಬಾಗಿಲು ಹಾಕಿದ್ದರೆ ಆ ಕಂಪ್ಯೂಟರು ಅವರ ಪಾಲಿಗೆ ಗೋಡೆಯ ಚಿತ್ರ. ಮೇಲ್ವಿಚಾರಕರು ಒಬ್ಬರೇ, ಅವರೂ ಮನೆ ಮಕ್ಕಳುಳ್ಳವರು. ಪತ್ರಿಕೆ ಓದುವ ಗಂಡಸರು ಬಾಗಿಲಿನ ಹತ್ತಿರ ಕುಳಿತಿದ್ದರೆ ಅವರನ್ನು ದಾಟಿ ಒಳಗೆ ಹೋಗಲು ಹದಿನೆಂಟರ ಹುಡುಗಿ ಎರಡು ಸಲ ಯೋಚಿಸುತ್ತಾಳೆ. ಕಂಕುಳಲ್ಲಿ ಕೂಸಿರುವವಳಂತೂ ಬರುವುದೇ ಇಲ್ಲ. ಕೂಲಿಗೆ ಹೋಗುವ ತಾಯಂದಿರ ಮಕ್ಕಳಿಗಾಗಿ 2023ರಲ್ಲಿ ಘೋಷಣೆಯಾದ ‘ಕೂಸಿನ ಮನೆ’ ಅರಿವು ಕೇಂದ್ರದ ಮಗ್ಗುಲಲ್ಲೇ ಇದ್ದರೆ ಎಷ್ಟೋ ಅನುಕೂಲವಾದೀತು.

ಎಲ್ಲಕ್ಕಿಂತ ಮುಖ್ಯವಾದುದು, ಕೋಣೆ ಎಲ್ಲಿದೆ ಎಂಬುದು. 1998ರಲ್ಲಿ ಎಂ. ಎಸ್. ಸ್ವಾಮಿನಾಥನ್ ಸಂಶೋಧನ ಪ್ರತಿಷ್ಠಾನದವರು ಪುದುಚೇರಿಯ ಹಳ್ಳಿಗಳಲ್ಲಿ ಮಾಹಿತಿ ಕೇಂದ್ರಗಳನ್ನು ತೆರೆದರು. ಎಂಬಲಂ ಎಂಬ ಹಳ್ಳಿಯಲ್ಲಿ ಅದು ದೇವಸ್ಥಾನದ ಆವರಣದಲ್ಲಿಯೇ ಇದ್ದಿತು. ವೀರಾಂಪಟ್ಟಿನಂ ಎಂಬ ಬೆಸ್ತರ ಊರಿನಲ್ಲಿ ಕಡಲಿನ ಅಲೆಗಳ ಎತ್ತರವನ್ನು ಧ್ವನಿವರ್ಧಕದಲ್ಲಿ ಕೂಗಿ ಹೇಳುತ್ತಿದ್ದರು. ಊರವರು ಜಾಗ ಕೊಡಬೇಕು, ಆ ಜಾಗಕ್ಕೆ ಜಾತಿ ನೋಡದೆ ಎಲ್ಲರಿಗೂ ಪ್ರವೇಶವಿರಬೇಕು ಎಂಬುದು ಅವರ ಕರಾರು. 2002ರಲ್ಲಿ ಕೇರಳದವರು ಮಲಪ್ಪುರಂ ಜಿಲ್ಲೆಯಲ್ಲಿ ‘ಅಕ್ಷಯ’ ಕೇಂದ್ರಗಳನ್ನು ತೊಡಗಿದಾಗ, ಯಾವ ಮನೆಯಿಂದಲೂ ಕೇಂದ್ರ ಎರಡು ಕಿಲೋಮೀಟರಿಗಿಂತ ದೂರ ಇರಬಾರದೆಂದು ಲೆಕ್ಕ ಹಾಕಿದ್ದರು. ಯಂತ್ರದ ಶಕ್ತಿಯನ್ನಷ್ಟೇ ಅಲ್ಲ, ಹೆಣ್ಣುಮಗಳ ಹೆಜ್ಜೆಯನ್ನೂ ಎಣಿಸಿದವರು ಅವರು.

ಆಶ್ರಯದ ಪ್ಲಾಟು ಊರ ಅಂಚಿನಲ್ಲಿರುತ್ತದೆ, ಪಂಚಾಯತಿ ಊರ ನಡುವೆ. ನಡುವಿನ ದಾರಿಯಲ್ಲಿ ರಾತ್ರಿ ದೀಪವಿದ್ದರೆ ಭಾಗ್ಯ. ಆದುದರಿಂದ ಪ್ಲಾಟಿನ ಒಳಗೇ ಒಂದು ಕೋಣೆ ಬೇಕು. ಅರಮನೆಯಲ್ಲ, ಆರು ಮೇಜು, ಗೋಡೆಗುಂಟ ಮೊಬೈಲು ಹಚ್ಚುವ ಪಾಯಿಂಟುಗಳು, ಎರಡು ಕಂಪ್ಯೂಟರು, ಒಂದು ಪ್ರಿಂಟರು, ಹೊತ್ತು ಹಂಚಿಕೊಳ್ಳುವ ಒಂದು ವಹಿ. ನಡೆಸುವವರು ಆ ಓಣಿಯ ಸ್ವಸಹಾಯ ಸಂಘದ ಹೆಂಗಸರೇ ಆಗಲಿ. ಸಾಲದ ಲೆಕ್ಕವನ್ನು ಪೈಸೆಗೆ ಪೈಸೆ ಇಡುವವರಿಗೆ ಬೀಗದ ಕೈ ಇಡುವುದು ಕಷ್ಟವಲ್ಲ. ಹಣ ಎಲ್ಲಿಂದ ಎನ್ನುವವರಿಗೆ ಆ ಆರು ಪೈಸೆಯನ್ನು ನೆನಪಿಸಬಹುದು. ಅಷ್ಟರಿಂದಲೇ ಎಲ್ಲವೂ ಆಗದು, ಒಪ್ಪತಕ್ಕ ಮಾತೇ. ಆದರೆ ಕೇಳುವ ಹಕ್ಕಿಗೆ ಅದು ಸಾಕು.

ಮರುದಿನ ತಾಯಿ ಕೂಲಿ ಬಿಟ್ಟಳು. ಪ್ಲಾಸ್ಟಿಕ್ ಚೀಲವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮಗಳೊಡನೆ ಪಂಚಾಯತಿಯ ಗ್ರಂಥಾಲಯಕ್ಕೆ ಬಂದಳು. ಒಂದು ಕಂಪ್ಯೂಟರು ಕೆಟ್ಟಿತ್ತು. ಇನ್ನೊಂದರ ಮುಂದೆ ಪೋಲೀಸು ಪರೀಕ್ಷೆಗೆ ಓದುವ ಹುಡುಗನಿದ್ದ. ಮೇಲ್ವಿಚಾರಕಿ ಅವನನ್ನು ಎಬ್ಬಿಸಿ, “ಕುಂಡರವಾ ತಂಗಿ. ಕಾಗದ ಎಲ್ಲಾ ತಂದೀ ಇಲ್ಲೊ?” ಎಂದರು. ಹುಡುಗಿ ಕಾಗದಗಳನ್ನು ಒಂದೊಂದಾಗಿ ಮೇಜಿನ ಮೇಲೆ ಹರಡಿದಳು. ಜಾತಿಯ ಪ್ರಮಾಣಪತ್ರದ ಕೆಳಗಿನಿಂದ ಮನೆಕಂದಾಯದ ರಸೀದಿ ಹೊರಬಿತ್ತು.

“ಇದರಾಗ ಏನೇನ ಬರದಾರಬೇ?” ಎಂದು ತಾಯಿ ಕೇಳಿದಳು. ಮಗಳು ಓದಿದಳು: ಮನೆ ಕಂದಾಯ, ಆರೋಗ್ಯ ಕರ, ಗ್ರಂಥಾಲಯ ಕರ.

“ಓದಾಕ ಬರಲಾರದಾಕಿ ನಾ. ನಾ ಯಾಕ ಕೊಡಬೇಕು ಗ್ರಂಥಾಲಯಕ್ಕ?”

“ಈಗ ಕುಂತೀವಲ್ಲ ಯವ್ವಾ, ಇದಕ್ಕ.”

ತಾಯಿ ಕುರ್ಚಿಯ ತುದಿಯಲ್ಲಿ ಕುಳಿತಿದ್ದವಳು ಸ್ವಲ್ಪ ಹಿಂದಕ್ಕೆ ಸರಿದು ಒರಗಿದಳು. ಅಷ್ಟರಲ್ಲಿ ಓ.ಟಿ.ಪಿ. ಹೋದದ್ದು ತಂದೆಯ ಮೊಬೈಲಿಗೆ. ತಂದೆ ಗೋವೆಯಲ್ಲಿ ಕಟ್ಟಡದ ಕೆಲಸದ ಮೇಲಿದ್ದಾನೆ. ಎರಡು ಸಲ ಕರೆ ಮುಟ್ಟಲಿಲ್ಲ. ಮೂರನೆಯ ಸಲ, ಯಂತ್ರಗಳ ಗದ್ದಲದ ನಡುವಿನಿಂದ, ಅವನು ಒಂದೊಂದೇ ಅಂಕಿಯನ್ನು ಕೂಗಿ ಹೇಳಿದ. ಹುಡುಗಿ ಒಂದೊಂದನ್ನೇ ಒತ್ತಿದಳು. ಗಡಿಯಾರ ನೋಡಿದ ಮೇಲ್ವಿಚಾರಕಿ ಬೀಗವನ್ನು ಕೈಗೆತ್ತಿಕೊಂಡು, ಮತ್ತೆ ಮೇಜಿನ ಮೇಲೆ ಇಟ್ಟರು. ಬಾಗಿಲಿನಲ್ಲಿ ಇನ್ನೂ ಮೂವರು ನಿಂತಿದ್ದರು.