ಹಳೆಯ ಚೀಟಿಗಳ ಫೈಲು

ಭಾನುವಾರ ರಾತ್ರಿ ಊಟವಾದ ಮೇಲೆ ಮೇಷ್ಟ್ರಿಗೆ ಎದೆ ಬಿಗಿದಂತಾಯಿತು. ಮೂತ್ರಪಿಂಡ ಕೈಕೊಟ್ಟು ಎರಡು ವರ್ಷವಾಗಿತ್ತು. ವಾರಕ್ಕೆ ಮೂರು ದಿನ, ಪ್ರತಿ ಸಲವೂ ನಾಲ್ಕು ಗಂಟೆ ಡಯಾಲಿಸಿಸ್. ಶುಕ್ರವಾರದ್ದು ಮುಗಿದರೆ ಮತ್ತೆ ಸೋಮವಾರವೇ. ಆ ನಡುವೆ ಮೈಯಲ್ಲಿ ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಏರುತ್ತದೆ. ಇಂಥ ರೋಗಿಗಳ ಹೃದಯಕ್ಕೆ ಹೆಚ್ಚು ಅಪಾಯ ಈ ದೀರ್ಘ ಬಿಡುವಿನ ಕೊನೆಯಲ್ಲೇ.

ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ರಕ್ತ ಪರೀಕ್ಷೆಗೆ ಕಳಿಸಿದರು. ಪಿಯುಸಿ ಓದುತ್ತಿದ್ದ ಮಗಳ ಕೈಗೆ ಬಂದ ಚೀಟಿಯಲ್ಲಿ ‘ಟ್ರೋಪೋನಿನ್ ಟಿ: 62’ ಎಂದಿತ್ತು. ಪಕ್ಕದಲ್ಲೇ, 14ರವರೆಗೆ ಸಾಮಾನ್ಯ ಎಂಬ ಸೂಚನೆ. ನಾಲ್ಕು ಪಟ್ಟಿಗೂ ಹೆಚ್ಚು! ಅವಳ ಕೈ ನಡುಗಿತು.

“ಹಾರ್ಟ್ ಅಟ್ಯಾಕಾ ಡಾಕ್ಟ್ರೇ?”

ಡಾಕ್ಟರು ಕೇಳಿದ್ದು ಬೇರೆಯೇ: “ಹಳೆಯ ರಿಪೋರ್ಟು ಇದೆಯೇನಮ್ಮ?”

ಇತ್ತು. ‘ಈ ಕಾಗದದ ಕಂತೆ ಯಾಕೆ?’ ಎಂದು ಅಮ್ಮ ಗೊಣಗಿದರೂ ಮಗಳು ಎಲ್ಲವನ್ನೂ ತಾರೀಖಿನ ಪ್ರಕಾರ ಫೈಲು ಮಾಡಿದ್ದಳು. ಮೂರು ತಿಂಗಳ ಹಿಂದೆ ಅಪ್ಪ ಆರಾಮಾಗಿದ್ದಾಗ ಮಾಡಿಸಿದ ಪರೀಕ್ಷೆಯಲ್ಲೂ ಟ್ರೋಪೋನಿನ್ 58 ಇತ್ತು.

ಟ್ರೋಪೋನಿನ್ ಎಂಬುದು ಸ್ನಾಯುಗಳ ಸಂಕೋಚನವನ್ನು ಹತೋಟಿಯಲ್ಲಿಡುವ ಪ್ರೋಟೀನು. 1960ರ ದಶಕದಲ್ಲಿ ಜಪಾನಿನ ಸೆಟ್ಸುರೊ ಎಬಾಶಿ ಇದನ್ನು ಗುರುತಿಸಿದರು. ಹೃದಯದ ಸ್ನಾಯುವಿನಲ್ಲಿರುವ ಬಗೆ ಆರೋಗ್ಯವಂತರ ರಕ್ತದಲ್ಲಿ ತೀರಾ ಅಲ್ಪ. ರಕ್ತನಾಳ ಕಟ್ಟಿಕೊಂಡು ಹೃದಯದ ಜೀವಕೋಶಗಳು ಸತ್ತಾಗ ಅದು ರಕ್ತಕ್ಕೆ ಚೆಲ್ಲುತ್ತದೆ. ಆದರೆ ಡಯಾಲಿಸಿಸ್ ರೋಗಿಗಳ ಕಥೆ ಬೇರೆ. ವರ್ಷಗಟ್ಟಲೆ ಏರಿದ ರಕ್ತದೊತ್ತಡ, ರಕ್ತಹೀನತೆ, ತುಂಬಿಕೊಂಡ ನೀರು, ಇವುಗಳಿಂದ ಹೃದಯದ ಗೋಡೆ ದಪ್ಪಗಾಗಿ, ದಣಿದು, ಆ ಪ್ರೋಟೀನು ದಿನವೂ ಇಷ್ಟಿಷ್ಟೇ ಜಿನುಗುತ್ತದೆ. ಹಾಗಾಗಿ ಹೃದಯಾಘಾತವಿಲ್ಲದೆಯೂ ಇವರಲ್ಲಿ ಹೆಚ್ಚಿನವರ ಟ್ರೋಪೋನಿನ್ ಟಿ ಸದಾ ಮಿತಿ ಮೀರಿಯೇ ಇರುತ್ತದೆ.

ಆದ್ದರಿಂದ ಇವರಲ್ಲಿ ಒಂದು ಅಂಕಿಯನ್ನು ನೋಡಿ ತೀರ್ಪು ಹೇಳುವಂತಿಲ್ಲ. ಅದು ಏರುತ್ತಿದೆಯೇ, ಇಳಿಯುತ್ತಿದೆಯೇ ಎಂದು ನೋಡಬೇಕು. ಕೆಲವು ಗಂಟೆಗಳ ಅಂತರದಲ್ಲಿ ಶೇಕಡಾ 20ಕ್ಕಿಂತ ಹೆಚ್ಚು ಬದಲಾದರೆ ಹೃದಯಾಘಾತದ ಸಂಶಯ ಬಲವಾಗುತ್ತದೆ.

ಮೂರು ಗಂಟೆ ಕಳೆದು ಮತ್ತೆ ರಕ್ತ ತೆಗೆದರು. ತಾಯಿ ಮಗಳು ಬೆಂಚಿನ ಮೇಲೆ ಮಾತಿಲ್ಲದೆ ಕುಳಿತರು. ಚೀಟಿ ಬಂತು: 64. ಇಸಿಜಿಯೂ ಹಳೆಯದರಂತೆಯೇ ಇತ್ತು. ಹೃದಯಾಘಾತವಲ್ಲ, ನೀರು ತುಂಬಿದ್ದರ ಒತ್ತಡ. ಆ ರಾತ್ರಿಯೇ ಡಯಾಲಿಸಿಸ್ ಮಾಡಿ ನೀರು ತೆಗೆದ ಮೇಲೆ ಎದೆ ಹಗುರಾಯಿತು. ಮಧ್ಯಾಹ್ನ ಕಲ್ಲಂಗಡಿ ಹಣ್ಣನ್ನೂ ಎರಡು ಲೋಟ ಮಜ್ಜಿಗೆಯನ್ನೂ ಕದ್ದು ಮುಗಿಸಿದ್ದನ್ನು ಮೇಷ್ಟ್ರು ಆಗ ಒಪ್ಪಿಕೊಂಡರು.

“ಹಾಗಂತ 62 ಒಳ್ಳೆಯ ಅಂಕವಲ್ಲ ಮೇಷ್ಟ್ರೇ,” ಎಂದರು ಡಾಕ್ಟರು. ಈ ಮಟ್ಟ ಹೆಚ್ಚಿದ್ದಷ್ಟೂ ಮುಂದಿನ ವರ್ಷಗಳ ಅಪಾಯ ಹೆಚ್ಚು. ಉಪ್ಪು, ನೀರು, ರಕ್ತದೊತ್ತಡ ಮೂರೂ ಹಿಡಿತದಲ್ಲಿರಬೇಕು. ಎದೆನೋವು ಬಂದರೆ ‘ಇದು ಮಾಮೂಲು’ ಎಂದು ಮನೆಯಲ್ಲಿ ಕೂರಲೂಬಾರದು.

ಬೆಳಗ್ಗೆ ಮೇಷ್ಟ್ರು ಮಗಳಿಗೆ ಹೇಳಿದರು: “ಮೂವತ್ತು ವರ್ಷ ಎಲ್ಲ ಮಕ್ಕಳ ಅಂಕವನ್ನೂ ಮೊದಲನೆಯವನ ಅಂಕದ ಜೊತೆಗೇ ಹೋಲಿಸಿದೆ. ನಿನ್ನದನ್ನೂ ಹಾಗೇ ಮಾಡಿದೆ. ಇವರು ನನ್ನನ್ನು ನನ್ನ ಜೊತೆಗೇ ಹೋಲಿಸಿ ನೋಡಿದರಲ್ಲ!”

ಮಗಳು ಏನೂ ಹೇಳಲಿಲ್ಲ. ಎರಡೂ ಚೀಟಿಗಳಿಗೆ ತಾರೀಖು ಬರೆದು ಫೈಲಿಗೆ ಸೇರಿಸಿದಳು.