ಕುರ್ಚಿಯಲ್ಲಿ ಮಲಗಿದ ರೋಗಿ

ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್‌ನಲ್ಲಿ ನಮಗೆ ಮೊದಲು ಹೇಳಿಕೊಟ್ಟದ್ದು ಇದು: ಕೇಳಿಸದಿದ್ದರೆ ಊಹಿಸಬೇಡ, ಖಾಲಿ ಬಿಡು. ಅಮೆರಿಕದ ಡಾಕ್ಟರು ಹೇಳಿದ್ದನ್ನು ಕಾಲಡಿಯ ಪೆಡಲ್ ಒತ್ತಿ ಹಿಂದಕ್ಕೆ ಓಡಿಸಿ ಕೇಳಬೇಕು, ಟೈಪ್ ಮಾಡಬೇಕು. 65 ಅಕ್ಷರಕ್ಕೆ ಒಂದು ಸಾಲು, ಸಾಲಿಗಿಷ್ಟು ದುಡ್ಡು. ಫುಲ್‌ಸ್ಟಾಪನ್ನೂ ಅವರೇ ಹೇಳುತ್ತಿದ್ದರು. ಆಲಮೇಲದಿಂದ ಬೆಂಗಳೂರಿಗೆ ಹೋದ ನಾನು ಇದರಲ್ಲೇ ತಲೆ ಬೆಳ್ಳಗೆ ಮಾಡಿಕೊಂಡೆ.

2009ರ ಹೈಟೆಕ್ ಕಾಯ್ದೆಯಡಿ, ರೋಗಿಯ ಕಡತವನ್ನು ಕಂಪ್ಯೂಟರಿಗೇರಿಸುವ ಡಾಕ್ಟರಿಗೆ ಅಮೆರಿಕ ಸರಕಾರ ಹಣ ಕೊಡತೊಡಗಿದ ಮೇಲೆ ನಮ್ಮ ಸಾಲುಗಳು ಕರಗುತ್ತ ಬಂದವು. ಕ್ಲಿಕ್ ಮಾಡಿ ಮಾಡಿ ಬೇಸತ್ತ ಡಾಕ್ಟರಿಗೆ ಈಗ ಬೇಕಾದದ್ದು ಸ್ಕ್ರೈಬ್: ರೋಗಿ ಎದುರಿಗಿದ್ದಾಗಲೇ ಮಾತು ಕೇಳುತ್ತ ಟಿಪ್ಪಣಿ ಬರೆಯುವವರು. ಮನೆಯಿಂದಲೇ ಮಾಡಬಹುದು ಎಂದರು. ಐವತ್ತು ದಾಟಿದ ಮೇಲೆ ಊರಿಗೆ ಬಂದು ಹೆಡ್‌ಫೋನ್ ಹಾಕಿಕೊಂಡು ಕೂತೆ. ನ್ಯೂಯಾರ್ಕಿನಲ್ಲಿ ಬೆಳಗಿನ ಒಂಬತ್ತೆಂದರೆ ಆಲಮೇಲದಲ್ಲಿ ಸಂಜೆ ಆರೂವರೆ, ಚಳಿಗಾಲದಲ್ಲಿ ಏಳೂವರೆ. ಹುಡುಗರಿಗಿಂತ ಚಲೋ ಮಾಡ್ತೀನಿ ಎಂಬ ಜಂಬ ಬೇರೆ.

ರೋಗಿಗಳು ಫುಲ್‌ಸ್ಟಾಪ್ ಹೇಳುವುದಿಲ್ಲ. ಬೆಕ್ಕು, ಮಗಳ ಡೈವೋರ್ಸ್, ವಿಮಾ ಕಂಪನಿಗೆ ಬೈಗುಳ, ನಡುವೆಲ್ಲೋ ಮೊಣಕಾಲು. ಎಲ್ಲವನ್ನೂ ಬರೆದೆ, ಬೈಸಿಕೊಂಡೆ. ಆಮೇಲೆ ಹರಟೆ ಅನಿಸಿದ್ದನ್ನು ಬಿಡತೊಡಗಿದೆ. ಕಾಲು ಬಾತಿದೆ ಎಂದು ಬಂದ ಮುದುಕಿಯೊಬ್ಬಳು, ಈಗೀಗ ಟಿವಿ ಮುಂದಿನ ಒರಗು ಕುರ್ಚಿಯಲ್ಲೇ ನಿದ್ದೆ ಅಂದಳು. ಎಷ್ಟು ದಿನದಿಂದ ಎಂದರು ಡಾಕ್ಟರು. ಟಿವಿ ಸುದ್ದಿ ಅಂದುಕೊಂಡು ಬಿಟ್ಟೆ. ಅವರು ತಿದ್ದಿದ ಟಿಪ್ಪಣಿಯಲ್ಲಿ ಮೊದಲ ಸಾಲೇ ಅದು: ಅಂಗಾತ ಮಲಗಿದರೆ ಉಸಿರಾಟಕ್ಕೆ ತೊಂದರೆ, ಹೃದಯ ಸೋಲುತ್ತಿದೆಯೇ ನೋಡಬೇಕು. ಆರ್ಥಾಪ್ನಿಯಾ! ಡಾಕ್ಟರು ಬಾಯಿಬಿಟ್ಟು ಹೇಳಿದ್ದರೆ ನಿದ್ದೆಗಣ್ಣಲ್ಲೂ ಅಕ್ಷರ ತಪ್ಪದೆ ಟೈಪಿಸುತ್ತಿದ್ದೆ. ನಮ್ಮ ಅಜ್ಜಿ ಕಡೆಗಾಲದಲ್ಲಿ ರಾತ್ರಿಯೆಲ್ಲ ಗ್ವಾಡಿಗೆ ಆತು ಕೂಡುತ್ತಿದ್ದಳು, "ಅಡ್ಡಾದ್ರ ಉಸಿರು ಹಿಡಿತೈತಿ" ಅಂತ. ಹೆಡ್‌ಫೋನಿನೊಳಗೆ ಅದೇ ಮಾತು ಬಂದರೆ ಗುರುತು ಸಿಗಲಿಲ್ಲ.

ತರಬೇತಿ ಕೊಡುತ್ತಿದ್ದ ಹುಡುಗಿ ಬಿ.ಫಾರ್ಮ್ ಓದಿದವಳು. "ಸರ್, ರೋಗಿ ಏನಂದ್ರು ಅನ್ನೋದಕ್ಕಿಂತ ಡಾಕ್ಟರು ಮುಂದೆ ಏನು ಕೇಳಿದ್ರು, ಅದನ್ನ ಹಿಡೀರಿ" ಅಂದಳು. ತಲೆಯಾಡಿಸಿದೆ. ಮಗಳ ವಯಸ್ಸಿನವಳು ಹೇಳಿದ್ದು ತಲೆಗೆ ಹೋಗಲಿಲ್ಲ. ನನ್ನ ಕಾಲು ಮೇಜಿನಡಿ ಇಲ್ಲದ ಪೆಡಲನ್ನು ಹುಡುಕುತ್ತಲೇ ಇತ್ತು. ಸಂಶಯ ಬಂದಲ್ಲೆಲ್ಲ ಖಾಲಿ ಬಿಟ್ಟೆ. ಹಿಂದೆ ಅದನ್ನು ತುಂಬಲು ಮೇಲೊಬ್ಬರಿರುತ್ತಿದ್ದರು. ಇಲ್ಲಿ ಡಾಕ್ಟರೇ ಮನೆಗೆ ಹೋಗಿ ತುಂಬಬೇಕು, ಅದನ್ನು ತಪ್ಪಿಸಲೆಂದೇ ಅವರು ನನಗೆ ದುಡ್ಡು ಕೊಡುತ್ತಿದ್ದುದು. ಪ್ರೊಬೇಷನ್ ಮುಗಿಯುವ ಮೊದಲೇ ಬೇಡವೆಂದರು. ಮನೆಯಲ್ಲಿ ಕರೆಂಟಿನ ಮೇಲೆ, ನೆಟ್ಟಿನ ಮೇಲೆ ಹಾಕಿದೆ. ಊರಲ್ಲಿ ಎಲ್ಲರೂ ನಂಬುವ ಕಾರಣ ಅದು.

ಈಗ ಯಂತ್ರ ಬರೆದ ಟಿಪ್ಪಣಿ ತಿದ್ದುವ ಕೆಲಸ, ಗಂಟೆ ಲೆಕ್ಕದ ಸಂಬಳ. ಮೊದಲು ಡಾಕ್ಟರ ಪ್ರಶ್ನೆಗಳನ್ನಷ್ಟೇ ಕೇಳುತ್ತೇನೆ, ರೋಗಿಯ ಉತ್ತರ ಆಮೇಲೆ. ಮೊನ್ನೆ ವಿಡಿಯೊ ಕರೆಯಲ್ಲಿ ನೋಡಿದ ರೋಗಿಗೆ 'ಹೊಟ್ಟೆ ಒತ್ತಿದರೆ ನೋವಿಲ್ಲ' ಎಂದು ಯಂತ್ರ ಬರೆದಿತ್ತು. ವಿಡಿಯೊದಲ್ಲಿ ಹೊಟ್ಟೆ ಒತ್ತಿದವರು ಯಾರು? ಅಳಿಸಿದೆ.